ವಾಲೆಟ್ ಆಪ್‌ನ ಹಳೇ ಕೋಡ್ ಪೂರ್ತಿ ಹೊಸದಾಗಿ ಬರೆಯೋದಾ, ಇದ್ದದ್ದನ್ನೇ ಸರಿ ಮಾಡೋದಾ?

ರೀರೈಟಾ ರಿಫ್ಯಾಕ್ಟರಾ, ಹಳೇ ಲೈಬ್ರರಿಗಳನ್ನೆಲ್ಲ ಒಟ್ಟಿಗೆ ಅಪ್‌ಡೇಟ್ ಮಾಡಿಬಿಡಲಾ ಅಂತ ಕೇಳಿದ್ದೀರಿ. ನಾವೂ ಇದನ್ನೇ ವಾರಗಟ್ಟಲೆ ಚರ್ಚೆ ಮಾಡಿದ್ದೆವು. ಏಟು ಬಿದ್ದದ್ದು ಬೇರೆ ಕಡೆಯಿಂದ.

ನಮ್ಮದು ಸಣ್ಣ ಬಿಟ್‌ಕಾಯಿನ್ ವಾಲೆಟ್. ಅಡ್ರೆಸ್ ಹುಟ್ಟಿಸುವ ಫೈಲ್ ಗಲೀಜಾಗಿತ್ತು, ಚೊಕ್ಕ ಮಾಡುವ ಕೆಲಸ ನಾನೇ ತಗೊಂಡೆ. ಹಳೇ ಅಡ್ರೆಸ್‌ಗಳು 1ರಿಂದ ಶುರುವಾಗೋ ಥರದವು, ಫೀ ಜಾಸ್ತಿ. ಫೀ ಇಳಿಸುವ ಸೆಗ್‌ವಿಟ್ ಅನ್ನೋ ಬಿಟ್‌ಕಾಯಿನ್ ಅಪ್‌ಗ್ರೇಡ್ 2017ರಲ್ಲೇ ಬಂದಿದೆಯಲ್ಲ, ಇನ್ನೂ ಯಾಕೆ ಇದು ಅಂತ ಅದೇ ಕಮಿಟ್‌ನಲ್ಲಿ (ಒಂದೇ ಸಲಕ್ಕೆ ಸೇರಿಸುವ ಕೋಡ್ ಬದಲಾವಣೆ) ಡೀಫಾಲ್ಟ್ ಡಿರೈವೇಶನ್ ಪಾತ್, ಅಂದ್ರೆ ಯಾವ ಅಡ್ರೆಸ್ ಹುಟ್ಟಬೇಕು ಅಂತ ಹೇಳುವ ದಾರಿ, ಅದನ್ನು ಹಳೇ ಥರದ 44ರಿಂದ ಸೆಗ್‌ವಿಟ್‌ನ 84ಕ್ಕೆ ಬದಲಾಯಿಸಿದೆ. ಒಂದು ಸಂಖ್ಯೆ, ಅಷ್ಟೇ. ರಿವ್ಯೂ ಮಾಡಿದವರೂ ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋದರು.

ವಾಲೆಟ್ ವಾಪಸ್ ಪಡೆಯೋಕೆ ಅಂತ ಬಳಕೆದಾರರು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವ 12 ಪದಗಳಲ್ಲಿ ಪಾತ್ ಇರೋದಿಲ್ಲ. ಪದಗಳಿಂದ ಸೀಡ್ ಅನ್ನೋ ಗುಟ್ಟಿನ ಮೂಲ ಸಂಖ್ಯೆ ಬರುತ್ತದೆ, ಸೀಡ್ ಜೊತೆ ಪಾತ್ ಸೇರಿದರೆ ಮಾತ್ರ ಅಡ್ರೆಸ್. ಪಾತ್ ಬದಲಾದರೆ ಅದೇ 12 ಪದಗಳು ಬೇರೆಯದೇ ಅಡ್ರೆಸ್ ಕೊಡುತ್ತವೆ, ಎರರ್ ಏನೂ ಬರೋದಿಲ್ಲ, ಸುಮ್ನೆ ಬ್ಯಾಲೆನ್ಸ್ ಸೊನ್ನೆ ತೋರಿಸುತ್ತದೆ. ಹಳೇ ಫೋನ್‌ಗಳಲ್ಲಿ ಪಾತ್ ಡೇಟಾಬೇಸ್‌ನಲ್ಲಿ ಸೇವ್ ಆಗಿತ್ತು, ಹಾಗಾಗಿ ಬರೀ ಅಪ್‌ಡೇಟ್ ಮಾಡಿದವರಿಗೆ ಏನೂ ಗೊತ್ತಾಗಲಿಲ್ಲ. ಟೆಸ್ಟ್‌ಗಳೂ ಎಲ್ಲ ಹಸಿರು. ಯಾಕಂದ್ರೆ ಅವು ಹೊಸ ಕೋಡ್‌ನಲ್ಲಿ ವಾಲೆಟ್ ಮಾಡಿ ಹೊಸ ಕೋಡ್‌ನಲ್ಲೇ ರಿಸ್ಟೋರ್ ಮಾಡುತ್ತಿದ್ದವು, ತಾನೇ ಪರೀಕ್ಷೆ ಬರೆದು ತಾನೇ ಮಾರ್ಕ್ಸ್ ಹಾಕಿಕೊಂಡ ಹಾಗೆ. ಸಿಕ್ಕಿಹಾಕಿಕೊಂಡದ್ದು ಹೊಸ ಫೋನ್ ತಗೊಂಡು 12 ಪದಗಳಿಂದ ರಿಸ್ಟೋರ್ ಮಾಡಿದವರು.

ದುಡ್ಡು ಬ್ಲಾಕ್‌ಚೈನ್‌ನಲ್ಲಿ ಹಳೇ ಅಡ್ರೆಸ್‌ಗಳಲ್ಲೇ ಹಾಗೇ ಇತ್ತು. ಫಿಕ್ಸ್ ಕೂಡ ಕಷ್ಟದ್ದಲ್ಲ: 44, 84, ಅವೆರಡರ ನಡುವಿನ 49, ಈ ಮೂರು ಪಾತ್‌ಗಳನ್ನೂ ಸ್ಕ್ಯಾನ್ ಮಾಡೋದು, ಪ್ರತಿಯೊಂದರಲ್ಲೂ ಸತತ 20 ಖಾಲಿ ಅಡ್ರೆಸ್ ಸಿಗುವವರೆಗೆ. ಆದರೆ ಅದು ರಿಲೀಸ್ ಆಗುವಷ್ಟರಲ್ಲಿ, ನಮ್ಮ ಟೆಲಿಗ್ರಾಂ ಗ್ರೂಪ್‌ನಲ್ಲಿ "ನನ್ನ ಕಾಯಿನ್ ಎಲ್ಲಿ" ಅಂತ ಕೇಳಿದ್ದ ಒಬ್ಬರಿಗೆ ಯಾರೋ ಸಪೋರ್ಟ್ ಅಂತ ಹೇಳಿಕೊಂಡು ಮೆಸೇಜ್ ಮಾಡಿದ್ದಾನೆ. ಗಾಬರಿಯಲ್ಲಿದ್ದವರು 12 ಪದಗಳನ್ನೂ ಕೊಟ್ಟುಬಿಟ್ಟರು. ಸುರಕ್ಷಿತವಾಗಿದ್ದ ದುಡ್ಡು ಆಗ ನಿಜವಾಗಲೂ ಹೋಯಿತು. ಅವರ ಮುಂದೆ ಪಾತ್ ಬಗ್ಗೆ ಏನಂತ ವಿವರಿಸಲಿ ಹೇಳಿ?

ಅದಕ್ಕೇ ರೀರೈಟಾ ರಿಫ್ಯಾಕ್ಟರಾ ಅನ್ನೋದು ನನಗೆ ಪ್ರಶ್ನೆಯೇ ಅಲ್ಲ. ಯಾವುದು ಬದಲಾಗಬಾರದು ಅಂತ ಮೊದಲು ಕಟ್ಟಿಹಾಕಿ. 'ಅಬ್ಯಾಂಡನ್' ಹನ್ನೊಂದು ಸಲ, ಕೊನೆಗೆ 'ಅಬೌಟ್': ಈ 12 ಪದಗಳ ಸಾಲು ಎಲ್ಲರಿಗೂ ಗೊತ್ತಿರೋದೇ, 84ರ ಪಾತ್‌ನ ನಿಯಮ ಹೇಳುವ ಬಿಐಪಿ 84 ದಾಖಲೆಯ ಟೆಸ್ಟ್ ವೆಕ್ಟರ್‌ನಲ್ಲೂ (ಸರಿ ಉತ್ತರದ ಮಾದರಿಯಲ್ಲೂ) ಇದೆ. ಅದರಿಂದ ಪ್ರತಿ ಪಾತ್‌ನಲ್ಲಿ ಬರೋ ಮೊದಲ ಅಡ್ರೆಸ್‌ಗಳನ್ನು ಟೆಸ್ಟ್‌ನಲ್ಲಿ ಅಕ್ಷರ ಅಕ್ಷರ ಬರೆದಿಡಿ. ಕೋಡ್‌ನಿಂದ ಲೆಕ್ಕ ಹಾಕಿಸಬೇಡಿ, ನೇರ ಬರೆದಿಡಿ. ಚೊಕ್ಕ ಮಾಡೋ ಕಮಿಟ್‌ನಲ್ಲಿ ಡೀಫಾಲ್ಟ್ ಮುಟ್ಟೋರನ್ನ ಬಯ್ಯಿರಿ.

ಲೈಬ್ರರಿಗಳೆಲ್ಲ ಒಟ್ಟಿಗೆ ಅಪ್‌ಡೇಟ್? ಖಂಡಿತ ಬೇಡ. 2018ರಲ್ಲಿ ಇವೆಂಟ್-ಸ್ಟ್ರೀಮ್ ಅನ್ನೋ ಎನ್‌ಪಿಎಂ ಪ್ಯಾಕೇಜ್ (ಜಾವಾಸ್ಕ್ರಿಪ್ಟ್ ಲೈಬ್ರರಿ) ಹೊಸಬನ ಕೈಗೆ ಹೋಗಿ, ಅದು ಬಳಸುವ ಇನ್ನೊಂದು ಪ್ಯಾಕೇಜ್‌ನೊಳಗೆ ಕೋಪೇ ಅನ್ನೋ ಬಿಟ್‌ಕಾಯಿನ್ ವಾಲೆಟ್‌ನ ಕೀ ಕದಿಯೋ ಕೋಡ್ ಸೇರಿಕೊಂಡಿತ್ತು. ಲಾಕ್‌ಫೈಲ್ (ಯಾವ ಲೈಬ್ರರಿಯ ಯಾವ ವರ್ಷನ್ ಅಂತ ಬರೆದಿಡೋ ಫೈಲ್) ಇಟ್ಟುಕೊಂಡು ಒಂದೊಂದಾಗಿ ಮಾಡಿ, ಡಿಫ್ (ಏನೇನು ಬದಲಾಯಿತು ಅನ್ನೋ ಪಟ್ಟಿ) ಓದಿ. ಬೇಜಾರಿನ ಕೆಲಸ, ಆದ್ರೂ ಮಾಡಿ.

ನಿಮ್ಮ ಆಪ್‌ನ ಮೊದಲ ವರ್ಷನ್‌ನ ಎಪಿಕೆ (ಆಂಡ್ರಾಯ್ಡ್ ಇನ್‌ಸ್ಟಾಲ್ ಫೈಲ್) ಇನ್ನೂ ಇದೆಯಾ? ಅದರಲ್ಲಿ ವಾಲೆಟ್ ಮಾಡಿ, ನೂರಿನ್ನೂರು ರೂಪಾಯಿಯ ಕಾಯಿನ್ ಹಾಕಿ, ಇವತ್ತಿನ ವರ್ಷನ್‌ನಲ್ಲಿ ರಿಸ್ಟೋರ್ ಮಾಡಿ ನೋಡಿ. ಬ್ಯಾಲೆನ್ಸ್ ಕಂಡರೆ ಕಾಮೆಂಟ್‌ನಲ್ಲಿ ಹೇಳಿ, ರೀರೈಟ್ ವಿಚಾರ ಆಮೇಲೆ ಮಾತಾಡೋಣ.