ಸಿಸ್ಟರ್, ಒಂದ್ನಿಮಿಷ!

ಮೂವತ್ತೊಂದು ವರ್ಷ ವಾರ್ಡ್‌ನಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಅಂಕಣಕ್ಕೂ ಅದೇ ಹೆಸರಿರಲಿ ಎಂದೆ. ಈ ಸಲ ಬಂದ ಪತ್ರಗಳಲ್ಲಿ ನೈಟ್ ಡ್ಯೂಟಿಯ ಗೋಳೇ ಜಾಸ್ತಿ. ಬೆನ್ನುನೋವಿನ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆಗೆ ಕಾಯಿರಿ.

ಪ್ರಶ್ನೆ: ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಖಾಸಗಿ ಆಸ್ಪತ್ರೆಗೆ ಸೇರಿ ಏಳು ತಿಂಗಳಾಯಿತು. ರಾತ್ರಿ 22 ರೋಗಿಗಳಿಗೆ ನಾವು ಇಬ್ಬರೇ. ಮೊನ್ನೆ ಒಬ್ಬರ ಡ್ರಿಪ್ ಮುಗಿದು ಪೈಪಿನಲ್ಲಿ ರಕ್ತ ಕಾಣಿಸಿತು. ಅವರ ಮಗ ಇಡೀ ವಾರ್ಡ್ ಎದ್ದು ಕೂರುವ ಹಾಗೆ ಕೂಗಾಡಿದರು. ಸ್ಟೋರ್ ರೂಮಿಗೆ ಹೋಗಿ ಅತ್ತುಬಿಟ್ಟೆ. ಈ ಕೆಲಸ ನನ್ನ ಕೈಲಿ ಆಗುತ್ತದಾ ಮೇಡಂ?
– ಸ್ಟಾಫ್ ನರ್ಸ್, ಹಾವೇರಿ

ಉತ್ತರ: ಸ್ಟೋರ್ ರೂಮಿನಲ್ಲಿ ಅಳದ ನರ್ಸ್ ಯಾರಿದ್ದಾರಮ್ಮ? ನಾನು ಲಿನನ್ ರೂಮಿಗೆ ಹೋಗುತ್ತಿದ್ದೆ, ಅಲ್ಲಿ ಮುಖ ಒರೆಸಿಕೊಳ್ಳಲು ಬಟ್ಟೆಗೆ ಬರವಿರಲಿಲ್ಲ.

ಮೊದಲು ಆ ರಕ್ತದ ವಿಷಯ. ಬಾಟಲಿ ಖಾಲಿಯಾದರೆ ಮೇಲಿನಿಂದ ಒತ್ತಡ ಇರುವುದಿಲ್ಲ, ಕೈಗೆ ಹಾಕಿದ ಸಣ್ಣ ಕೊಳವೆ, ಅಂದರೆ ಕ್ಯಾನುಲಾದಿಂದ ಸ್ವಲ್ಪ ರಕ್ತ ಪೈಪಿಗೆ ಏರುತ್ತದೆ. ನಮಗೆ ಅದು 'ಅಯ್ಯೋ, ಕ್ಯಾನುಲಾ ಬ್ಲಾಕ್ ಆಗುತ್ತಲ್ಲಪ್ಪ' ಎನ್ನುವ ತಲೆನೋವು ಅಷ್ಟೇ. ಪಕ್ಕದ ಸ್ಟೂಲಿನ ಮೇಲೆ ನಿದ್ದೆಗೆಟ್ಟು ಕೂತ ಮಗನ ಕಣ್ಣಿಗೆ ಮಾತ್ರ ಅಪ್ಪನ ರಕ್ತವೆಲ್ಲ ಬಸಿದು ಹೋಗುತ್ತಿರುತ್ತದೆ. ಅವರು ಕೂಗಾಡಿದ್ದು ತಪ್ಪೇ, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಅವರಿಗೆ ಇದನ್ನೆಲ್ಲ ಮುಂಚೆ ಯಾರೂ ಹೇಳಿರುವುದಿಲ್ಲ, ಅಲ್ವಾ?

ನಾನು ಏನು ಮಾಡುತ್ತಿದ್ದೆ ಹೇಳುತ್ತೇನೆ. 500 ಎಂಎಲ್ ಬಾಟಲಿ ನಾಲ್ಕು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಪೈಪಿನ ಸೆಟ್ ಮೇಲೆ ಎಂಎಲ್‌ಗೆ 20 ಹನಿ ಎಂದು ಬರೆದಿದೆ ಅಂದುಕೊಳ್ಳಿ. ನಿಮಿಷಕ್ಕೆ 42 ಹನಿ ಆಗುತ್ತದೆ. ವಾಚ್ ನೋಡಿಕೊಂಡು ಹನಿ ಎಣಿಸಿ ಬಿಟ್ಟ ಮೇಲೆ ಬಾಟಲಿಗೆ ಒಂದು ತುಂಡು ಪ್ಲಾಸ್ಟರ್ ಅಂಟಿಸಿ, ಶುರುವಾದ ಟೈಮ್, ಮುಗಿಯುವ ಟೈಮ್ ಎರಡನ್ನೂ ಬರೆಯುತ್ತಿದ್ದೆ. ಜೊತೆಗಿದ್ದವರಿಗೆ, 'ರಾತ್ರಿ ಎರಡು ಗಂಟೆಗೆ ಮುಗಿಯುತ್ತೆ, ಅದಕ್ಕಿಂತ ಮೊದಲೇ ಬರ್ತೀನಿ. ಬರೋದು ತಡವಾಗಿ ಪೈಪಲ್ಲಿ ಸ್ವಲ್ಪ ರಕ್ತ ಕಂಡರೆ ಗಾಬರಿಯಾಗದೆ ನನ್ನ ಕರೀರಿ. ಹನಿ ಹೆಚ್ಚು ಕಡಿಮೆ ಮಾಡೋ ಈ ಚಕ್ರ ಮಾತ್ರ ಮುಟ್ಟಬೇಡಿ' ಎನ್ನುತ್ತಿದ್ದೆ. ಬೇಗ ಮುಗಿಯಲಿ ಎಂದು ಆ ಚಕ್ರ ತಿರುಗಿಸುವ ಪುಣ್ಯಾತ್ಮರು ಪ್ರತಿ ವಾರ್ಡ್‌ನಲ್ಲೂ ಒಬ್ಬರಿರುತ್ತಾರೆ. ಹಾರ್ಟ್ ಪೇಷಂಟ್‌ಗೆ ಅಷ್ಟು ನೀರು ಒಮ್ಮೆಲೇ ಹೋದರೆ ಶ್ವಾಸಕೋಶದಲ್ಲಿ ತುಂಬಿ ಉಸಿರು ಕಟ್ಟುತ್ತದೆ. ಅದನ್ನೂ ಹೇಳಿಬಿಡಿ, ಕೈ ತಾನಾಗೇ ಹಿಂದೆ ಹೋಗುತ್ತದೆ.

ಇನ್ನು ನಿಮ್ಮ ಕೈಲಿ ಆಗುತ್ತದಾ ಎಂಬ ಪ್ರಶ್ನೆ. ಜನರಲ್ ವಾರ್ಡ್‌ನಲ್ಲಿ ಆರು ರೋಗಿಗೆ ಒಬ್ಬ ನರ್ಸ್, ವೆಂಟಿಲೇಟರ್‌ನಲ್ಲಿ ಇರುವವರಿಗೆ ತಲಾ ಒಬ್ಬರು ಎನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ನಿಮ್ಮಲ್ಲಿ ಕೈಗಳೇ ಕಡಿಮೆ ಇವೆ ತಾಯಿ. ಎಷ್ಟು ರೋಗಿಗಳು, ಎಷ್ಟು ಸ್ಟಾಫ್ ಎಂದು ದಿನಾ ರಾತ್ರಿ ಹ್ಯಾಂಡೋವರ್ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ. ತಿಂಗಳಾದ ಮೇಲೆ ಇಬ್ಬರೂ ಸೇರಿ ಆ ಪುಸ್ತಕ ತೆಗೆದುಕೊಂಡು ಸೂಪರಿಂಟೆಂಡೆಂಟ್ ಹತ್ತಿರ ಹೋಗಿ. ಸುಮ್ನೆ 'ಕಷ್ಟ ಆಗ್ತಿದೆ ಮೇಡಂ' ಎಂದರೆ 'ನಮ್ಮ ಕಾಲದಲ್ಲಿ...' ಎಂದು ಅವರ ಕಥೆ ಶುರುವಾಗುತ್ತದೆ.

ಪ್ರಶ್ನೆ: ಅಮ್ಮ ಐದು ದಿನ ಅಡ್ಮಿಟ್ ಆಗಿದ್ದರು. ಅದೇ ಸಿಸ್ಟರ್ ಪ್ರತಿ ಸಲ ಔಷಧಿ ಕೊಡುವಾಗಲೂ 'ಹೆಸರೇನಮ್ಮ ನಿಮ್ದು' ಎಂದು ಕೇಳುತ್ತಿದ್ದರು. ಅಷ್ಟೊಂದು ಮರೆವೇ?
– ತುಮಕೂರಿನ ಓದುಗರು

ಉತ್ತರ: ಒಳ್ಳೆಯ ಸಿಸ್ಟರ್ ಸಿಕ್ಕಿದ್ದರು ನಿಮಗೆ. ಒಮ್ಮೆ ನನ್ನ ವಾರ್ಡ್‌ನಲ್ಲಿ ಅಕ್ಕಪಕ್ಕದ ಹಾಸಿಗೆಯಲ್ಲಿ ಇಬ್ಬರು ಲಕ್ಷ್ಮಮ್ಮ. ಒಬ್ಬರಿಗೆ ಇನ್ಸುಲಿನ್, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆಯೇ ಇಲ್ಲ. ಫ್ಯಾನ್ ಗಾಳಿ ಬೇಕೆಂದು ರಾತ್ರಿ ತಾವೇ ಮಾತಾಡಿಕೊಂಡು ಹಾಸಿಗೆ ಬದಲಿಸಿಕೊಂಡಿದ್ದರು. ಬೆಳಗ್ಗೆ ಸಿರಿಂಜ್ ಹಿಡಿದು 'ಲಕ್ಷ್ಮಮ್ಮ ಅಲ್ವಾ?' ಎಂದೆ. 'ಹೂಂ' ಎಂದರು. ಏಕೋ ಮುಖ ಬೇರೆ ಎನ್ನಿಸಿತು. 'ಯಜಮಾನರ ಹೆಸರೇನು?' ಎಂದರೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆಯೇ ಹೊರತು ಗಂಡನ ಹೆಸರು ಹೇಳಲೊಲ್ಲರು! ಕೊನೆಗೆ ಊರು ಕೇಳಿದೆ. ಅದು ಇನ್ನೊಬ್ಬ ಲಕ್ಷ್ಮಮ್ಮನ ಊರು. ನನ್ನ ಕೈ ತಣ್ಣಗಾಯಿತು.

ಅದಕ್ಕೇ 'ಲಕ್ಷ್ಮಮ್ಮ ಅಲ್ವಾ' ಎಂದು ನಾವೇ ಹೇಳಿಕೊಡಬಾರದು. ಅರೆನಿದ್ದೆಯಲ್ಲಿರುವವರು, ಕಿವಿ ಸರಿಯಾಗಿ ಕೇಳದವರು ಎಲ್ಲದಕ್ಕೂ ಹೂಂ ಎನ್ನುತ್ತಾರೆ. ಅವರ ಬಾಯಿಂದಲೇ ಹೆಸರು ಬರಬೇಕು, ಕೈಪಟ್ಟಿಯಲ್ಲಿರುವ ನಂಬರ್ ಕೂಡ ತಾಳೆಯಾಗಬೇಕು. ಆಮೇಲೆ ಔಷಧಿ.

ಪ್ರಶ್ನೆ: ಇಂಜೆಕ್ಷನ್ ಕೊಟ್ಟು ಸೂಜಿಗೆ ಮುಚ್ಚಳ ಹಾಕುವಾಗ ಬೆರಳಿಗೆ ಚುಚ್ಚಿತು. ಇನ್‌ಚಾರ್ಜ್ ಬೈಯುತ್ತಾರೆಂದು ಯಾರಿಗೂ ಹೇಳಿಲ್ಲ.
– ಹೆಸರು, ಊರು ಬೇಡ

ಉತ್ತರ: ಈ ಪತ್ರ ಓದಿದ ತಕ್ಷಣ ಇವರಿಗೆ ಫೋನ್ ಮಾಡಿ ಮಾತಾಡಿದ್ದೇನೆ, ಪತ್ರಿಕೆ ಅಚ್ಚಾಗುವ ತನಕ ಕಾಯುವ ವಿಷಯವಲ್ಲ ಇದು. ಇಲ್ಲಿ ಬರೆಯುತ್ತಿರುವುದು ಉಳಿದವರಿಗೆ. ಚುಚ್ಚಿದ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಹಿಂಡಬೇಡಿ, ಬಾಯಿಗೆ ಇಟ್ಟುಕೊಳ್ಳಬೇಡಿ. ಆಗಿಂದಾಗಲೇ ಡಾಕ್ಟರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟುವ ಹಾಗಿಲ್ಲ, 28 ದಿನ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆಯಾ ನೋಡಿಕೊಳ್ಳಿ. ನಮ್ಮಲ್ಲಿ ಒಂದು ಹಾಕಿಸಿಕೊಂಡು ಮರೆತವರೇ ಜಾಸ್ತಿ.

ಇನ್‌ಚಾರ್ಜ್ ಬೈದರೆ ಹತ್ತು ನಿಮಿಷ ಬೈಯುತ್ತಾರೆ, ಬೈಯಲಿ ಬಿಡಿ. ಮುಚ್ಚಳ ಹಾಕುವ ಅಭ್ಯಾಸ ಮಾತ್ರ ಬಿಡಿ. ಸೂಜಿ ನೇರ ಬಳಸಿದ ಸೂಜಿಗೆಂದೇ ಇಟ್ಟ ಬಿಳಿ ಡಬ್ಬಕ್ಕೆ ಹೋಗಬೇಕು.

ಪ್ರಶ್ನೆ: ಮಗಳಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ನೈಟ್ ಡ್ಯೂಟಿ ಎಂದರೆ ನನಗೆ ಎದೆ ಡವಡವ. ನಮ್ಮ ಹಳದೀಪುರದ ಅರುಣಾ ನೆನಪಾಗುತ್ತಾಳೆ. ಕಳಿಸಲೋ ಬೇಡವೋ?
– ಒಬ್ಬ ತಾಯಿ, ಹೊನ್ನಾವರ

ಉತ್ತರ: ಧೈರ್ಯವಾಗಿರಿ ಎಂದು ಹೇಳಿ ಕೈತೊಳೆದುಕೊಳ್ಳಲಾರೆ ಅಕ್ಕಾ. ಅರುಣಾ ಶಾನಭಾಗ್ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುವಾಗ ಅಲ್ಲೇ ಕೆಲಸಕ್ಕಿದ್ದವನೊಬ್ಬ ಮೇಲೆರಗಿದ. ಆಮೇಲೆ 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅವರು ಅರಿವಿಲ್ಲದ ಸ್ಥಿತಿಯಲ್ಲಿ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ದಯಾಮರಣದ ಬಗ್ಗೆ ಸುಪ್ರೀಂ ಕೋರ್ಟ್ 2011ರಲ್ಲಿ ಕೊಟ್ಟ ತೀರ್ಪಿನಿಂದ ಜನ ಅವರನ್ನು ನೆನೆಯುತ್ತಾರೆ. ನನಗೆ ನೆನಪಾಗುವುದು ಅವರ ಮೈ ಒರೆಸಿ, ತುತ್ತು ಉಣಿಸಿದ ಅಲ್ಲಿನ ನರ್ಸ್‌ಗಳು. ಅವರಲ್ಲಿ ಎಷ್ಟೋ ಜನ 1973ರಲ್ಲಿ ಹುಟ್ಟಿರಲೇ ಇಲ್ಲ.

ಕಳಿಸಿ, ಆದರೆ ಕೇಳಿ ಕಳಿಸಿ. ಬಟ್ಟೆ ಬದಲಿಸುವ ಕೋಣೆ ಎಲ್ಲಿದೆ, ಒಳಗಿನಿಂದ ಚಿಲಕ ಇದೆಯಾ? ರಾತ್ರಿ ಹಾಸ್ಟೆಲ್‌ಗೆ ಬಿಡುವ ಗಾಡಿ ಇದೆಯಾ? ಹತ್ತು ಜನ ಕೆಲಸ ಮಾಡುವ ಕಡೆಯೂ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾನೂನು ಹೇಳುತ್ತದೆ, ಅದರಲ್ಲಿ ಯಾರ್‍ಯಾರಿದ್ದಾರೆ? ಇಂಟರ್‌ವ್ಯೂ ದಿನವೇ ಕೇಳಲು ಮಗಳಿಗೆ ಹೇಳಬಹುದಿತ್ತು, ಈಗಲೂ ತಡವಾಗಿಲ್ಲ. ಅಂದಹಾಗೆ, ಒರಿಜಿನಲ್ ಅಂಕಪಟ್ಟಿ ತೋರಿಸಿ ವಾಪಸ್ ತರಲಿ, ಅವರಿಗೆ ಜೆರಾಕ್ಸ್ ಸಾಕು.

ಪ್ರಶ್ನೆ: ತಮ್ಮ ಬಿಎಸ್‌ಸಿ ನರ್ಸಿಂಗ್ ಸೇರಿದ್ದಾನೆ. 'ಗಂಡು ಹುಡುಗ ನರ್ಸಾ?' ಎಂದು ನೆಂಟರು ನಗುತ್ತಾರೆ. ಏನು ಹೇಳಲಿ?
– ದಾವಣಗೆರೆ

ಉತ್ತರ: ಏನೂ ಹೇಳಬೇಡಿ. ನಗುವ ಮಾವನವರಿಗೆ ಎಂದಾದರೂ ಮೂತ್ರಕ್ಕೆ ಪೈಪ್ ಹಾಕಿಸುವ ಪ್ರಸಂಗ ಬಂದರೆ ಮಂಚ ಹತ್ತುವ ಮೊದಲೇ ಅವರೇ ಕೇಳುತ್ತಾರೆ, 'ಬ್ರದರ್ ಯಾರೂ ಇಲ್ವಾ ಇಲ್ಲಿ?'