ಅವ್ವನ ಜ್ವರ, ನಾಯಿಯ ಉಣ್ಣಿ

ಚಿಂಚೋಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ತೊಗರಿ ಹೊಲದಲ್ಲಿ ಕಸ ತೆಗೆದು ಬಂದ ಅವ್ವನಿಗೆ ಎಂಟು ದಿನ ಜ್ವರ ಬಿಡಲಿಲ್ಲ. ಮಲೇರಿಯಾ ಇಲ್ಲ, ಡೆಂಗಿ ಇಲ್ಲ, ರಕ್ತದ ಕಲ್ಚರ್‌ನಲ್ಲೂ ಏನೂ ಬೆಳೆಯಲಿಲ್ಲ. ಕೊನೆಗೆ ಇನ್ನೊಬ್ಬ ಡಾಕ್ಟರು ಸೊಂಟದ ಮೇಲಿನ ಕರೀ ಗಾಯ ನೋಡಿ ಸ್ಕ್ರಬ್ ಟೈಫಸ್ ಅಂದರು. ಗುಳಿಗೆ ಬದಲಾಯಿಸಿದ ಎರಡು ದಿನಕ್ಕೆ ಜ್ವರ ಇಳಿಯಿತು. ಮೈಯಲ್ಲೇ ಇದ್ದ ಬ್ಯಾಕ್ಟೀರಿಯಾ ಪರೀಕ್ಷೆಗೆ ಯಾಕೆ ಸಿಗಲಿಲ್ಲ? ನಾಯಿಯ ಉಣ್ಣಿಯಿಂದ ಬಂತು ಅಂತ ಓಣಿಯವರು ಹೇಳ್ತಾರೆ. ನಾಯಿ ಬಿಟ್ಟುಬಿಡಲೇ?"

ಬಿಡಬೇಡಿ. ಈ ಸಲ ತಪ್ಪು ನಾಯಿಯದಲ್ಲ. ಸ್ಕ್ರಬ್ ಟೈಫಸ್ ತರುವುದು ಉಣ್ಣಿ ಅಲ್ಲ, ನುಸಿಯ ಮರಿ. ಸಾಸಿವೆ ಕಾಳಿಗಿಂತ ಎಷ್ಟೋ ಸಣ್ಣದು, ಆರೇ ಕಾಲು. ದೊಡ್ಡದಾದರೆ ಎಂಟು ಕಾಲು ಬರುತ್ತವೆ, ಆಮೇಲೆ ಅದು ನಮ್ಮ ತಂಟೆಗೆ ಬರುವುದಿಲ್ಲ. ಈ ಮರಿ ರಕ್ತವನ್ನೂ ಕುಡಿಯುವುದಿಲ್ಲ. ಜೊಲ್ಲಿನಿಂದ ಚರ್ಮವನ್ನು ಕರಗಿಸಿ ಆ ರಸ ಹೀರುತ್ತದೆ. ರೋಗಾಣು ಅದಕ್ಕೆ ತಾಯಿ ನುಸಿಯ ಮೊಟ್ಟೆಯಿಂದಲೇ ಬಂದಿರುತ್ತದೆ.

ಇನ್ನು ಪರೀಕ್ಷೆಯ ಮಾತು. ಕಲ್ಚರ್ ಬಾಟಲಿಯಲ್ಲಿ ಇರುವುದು ಒಂಥರಾ ಪೌಷ್ಟಿಕ ಸಾರು. ಹೆಚ್ಚಿನ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯುತ್ತವೆ. ನಿಮ್ಮ ಅವ್ವನನ್ನು ಕಾಡಿದ ಓರಿಯೆನ್ಷಿಯಾ ಸುತ್ಸುಗಾಮುಶಿ ಮಾತ್ರ ಬೆಳೆಯುವುದಿಲ್ಲ. ಅದಕ್ಕೆ ಜೀವ ಇರುವ ಕೋಶವೇ ಬೇಕು. ಸಣ್ಣ ರಕ್ತನಾಳಗಳ ಒಳಗೋಡೆಯ ಕೋಶಕ್ಕೆ ನುಗ್ಗಿ ಅಲ್ಲೇ ಮರಿ ಹಾಕುತ್ತದೆ. ನಾಳ ಸೋರತೊಡಗಿದರೆ ಶ್ವಾಸಕೋಶ, ಮೂತ್ರಪಿಂಡಕ್ಕೂ ಕುತ್ತು. ಇದರ ದಾಯಾದಿ, ಮೈಹೇನು ಹರಡುವ ರಿಕೆಟ್ಸಿಯಾ ಪ್ರೋವಜೆಕಿಯ ಜೀನುಗಳನ್ನು 1998ರಲ್ಲಿ ಪೂರ್ತಿ ಓದಿದರು. ಪ್ರೋಟೀನು ಮಾಡುವ ಜೀನು ಬರೀ 834! ನಮ್ಮ ಕರುಳಿನ ಇ. ಕೋಲೈಗೆ ನಾಲ್ಕು ಸಾವಿರದ ಮೇಲಿವೆ. ಬೇಕಾದ್ದು ಬಹಳಷ್ಟು ಕೋಶದೊಳಗೇ ಸಿಗುವಾಗ ಹೆಚ್ಚು ಜೀನು ಯಾಕೆ? ಕೂತು ಉಣ್ಣುವ ಮನೆಯಳಿಯ ಒಲೆ ಯಾಕೆ ಹಚ್ಚುತ್ತಾನೆ, ಅಲ್ವಾ?

ಮೊದಲ ಔಷಧಿ ನಾಟದಿದ್ದುದಕ್ಕೂ ಇದೇ ಕಾರಣ ಇರಬಹುದು. ಪೆನಿಸಿಲಿನ್ ಜಾತಿಯ ಔಷಧಿಗಳು ಬ್ಯಾಕ್ಟೀರಿಯಾದ ಗೋಡೆ ಕೆಡವುವಂಥವು. ಇದರ ಗೋಡೆಯೇ ತೀರಾ ತೆಳು, ಮೇಲಾಗಿ ಅವಿತಿರುವುದು ಕೋಶದೊಳಗೆ. ಡಾಕ್ಸಿಸೈಕ್ಲಿನ್ ಒಳಹೊಕ್ಕು ಅದರ ಪ್ರೋಟೀನು ತಯಾರಿಯನ್ನೇ ನಿಲ್ಲಿಸುತ್ತದೆ. ಹಾಗಂತ ಅಂಗಡಿಯಿಂದ ಸುಮ್ನೆ ತಂದು ನುಂಗಬೇಡಿ.

1916ರಲ್ಲಿ ಬಂದ ವೈಲ್–ಫೆಲಿಕ್ಸ್ ಪರೀಕ್ಷೆ ಇನ್ನೂ ಕೆಲವು ಕಡೆ ನಡೆಯುತ್ತದೆ. ಅದು ಪ್ರೋಟಿಯಸ್ ಎಂಬ ಬೇರೆಯೇ ಬ್ಯಾಕ್ಟೀರಿಯಾ ಇಟ್ಟುಕೊಂಡು ಮಾಡುವ ಅಂದಾಜು. ಅಗ್ಗ, ಆದರೆ ಪೂರ್ತಿ ನಂಬುವಂತಿಲ್ಲ. ಈ ರೋಗಾಣುವಿನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವ ಎಲೈಸಾ ಪರೀಕ್ಷೆ ವಾಸಿ. ನನ್ನ ಕೇಳಿದರೆ, ಬಟ್ಟೆ ಸರಿಸಿ ನೋಡಿದ ಡಾಕ್ಟರ ಕಣ್ಣೇ ದೊಡ್ಡದು. ಆ ಗಾಯ ಬೀಡಿ ತುದಿ ತಾಗಿ ಸುಟ್ಟ ಹಾಗಿರುತ್ತದೆ. ನೋವಿಲ್ಲ, ಹಾಗಾಗಿ ರೋಗಿಗೇ ಗೊತ್ತಿರುವುದಿಲ್ಲ. ಕಂಕುಳು, ತೊಡೆಸಂದು, ಸೀರೆ ಬಿಗಿದ ಸೊಂಟ, ಇಲ್ಲೇ ಹುಡುಕಬೇಕು. ಎಲ್ಲರಿಗೂ ಅದು ಮೂಡುವುದೂ ಇಲ್ಲ.

ಅಂದಹಾಗೆ ಟೈಫಾಯಿಡ್ ಬೇರೆ, ಟೈಫಸ್ ಬೇರೆ. ನಾನೂ ಬಹಳ ದಿನ ಒಂದೇ ಅಂದುಕೊಂಡಿದ್ದೆ. ಟೈಫಾಯಿಡ್ ಬರುವುದು ಕೆಟ್ಟ ನೀರು, ಊಟದಿಂದ.

ಹೊಲಕ್ಕೆ ಹೋಗುವಾಗ ಅವ್ವನಿಗೆ ತುಂಬುತೋಳಿನ ಅಂಗಿ ಕೊಡಿ. ಬದುವಿನ ಹುಲ್ಲಿನ ಮೇಲೆ ಬರೀ ಮೈಯಲ್ಲಿ ಒರಗುವುದು ಬೇಡ, ಬಿಚ್ಚಿದ ಸೀರೆಯನ್ನು ಪೊದೆ ಮೇಲೆ ಹಾಕುವುದೂ ಬೇಡ. ಮನೆಗೆ ಬಂದ ಕೂಡಲೇ ಸೋಪು ಹಚ್ಚಿ ಮೈ ತೊಳೆದುಕೊಳ್ಳಲಿ. ನಾಯಿಯ ಉಣ್ಣಿಯನ್ನೂ ಹಗುರವಾಗಿ ನೋಡಬೇಡಿ. ಅದು ಬೇರೆ ರಿಕೆಟ್ಸಿಯಾ ಹರಡಬಲ್ಲದು, ಆ ಜ್ವರಕ್ಕೆ ಇಂಡಿಯನ್ ಟಿಕ್ ಟೈಫಸ್ ಎಂದೇ ಹೆಸರು. ಕಿವಿಯ ಹಿಂದೆ ಕಚ್ಚಿಕೊಂಡದ್ದನ್ನು ಉಗುರಿನಿಂದ ಚಿವುಟಬೇಡಿ. ಚಿಮಟದಿಂದ ಬುಡಕ್ಕೆ ಹಿಡಿದು ಕಿತ್ತು, ಸೋಪಿನ ನೀರಿಗೆ ಹಾಕಿ.