ನಾಲ್ಕು ಕಿಲೋ ಉಪಗ್ರಹದ ಹೆಗಲಿಗೆ ಒಂದು ಟನ್ ಭಾರ

ನಮಸ್ಕಾರ.

ಬಾಹ್ಯಾಕಾಶದ ಕಸ ತೆಗೆಯುವ ಪುಟ್ಟ ಉಪಗ್ರಹಗಳ ಬಗ್ಗೆ ನೀವು ಮುಧೋಳದಿಂದ ಕಳಿಸಿದ ಲೇಖನ ಓದಿದೆವು. ವಿಷಯ ಚಲೋ ಇದೆ. ಆದರೆ ಲೆಕ್ಕವಿಲ್ಲದ್ದರಿಂದ ಇದ್ದಂತೆ ಅಚ್ಚು ಹಾಕಲಾಗದು.

ನಿಮ್ಮ ಲೇಖನದ 4 ಕಿಲೋ ಕ್ಯೂಬ್‌ಸ್ಯಾಟ್ (ಡಬ್ಬಿಯಾಕಾರದ ಪುಟ್ಟ ಉಪಗ್ರಹ) 800 ಕಿ.ಮೀ. ಎತ್ತರದಲ್ಲಿ 1,000 ಕಿಲೋದ ಹಳೆಯ ರಾಕೆಟ್ ಹಂತವನ್ನು ಅಯಸ್ಕಾಂತದಿಂದ ಹಿಡಿದು ಕೆಳಗಿಳಿಸುತ್ತದೆ. ಕಕ್ಷೆಯ ಒಂದು ತುದಿ ವಾತಾವರಣಕ್ಕೆ ತಾಗುವಂತೆ 100 ಕಿ.ಮೀ.ಗೆ ಇಳಿಯಬೇಕಾದರೆ ಸೆಕೆಂಡಿಗೆ ಸುಮಾರು 195 ಮೀಟರ್ ವೇಗ ಕಳೆಯಬೇಕು. ಉಪಗ್ರಹಗಳಲ್ಲಿ ಬಳಸುವ ಹೈಡ್ರಜೀನ್ ಇಂಧನವಾದರೆ ಅದೇ ಸುಮಾರು 95 ಕಿಲೋ ಬೇಕು. 4 ಕಿಲೋದ ಡಬ್ಬಿಯಲ್ಲಿ ಅದನ್ನು ಎಲ್ಲಿಡುತ್ತೀರಿ? ವಿದ್ಯುತ್ತಿನ ಬಲದಿಂದ ಅಯಾನುಗಳನ್ನು ಚಿಮ್ಮಿಸುವ ಅಯಾನ್ ಎಂಜಿನ್‌ಗೆ ಇಂಧನ ಕಡಿಮೆ ಸಾಕು, ಆದರೆ ತಳ್ಳುವ ಬಲ ಅತಿ ಸಣ್ಣದು, ಇಳಿಸಲು ತಿಂಗಳುಗಟ್ಟಲೆ ಬೇಕು.

ಅಯಸ್ಕಾಂತದ ಮಾತೂ ತಿದ್ದಬೇಕು. ಕಸದಲ್ಲಿ ಬಹುಪಾಲು ಅಲ್ಯೂಮಿನಿಯಂ, ಅದು ಅಂಟುವುದಿಲ್ಲ. 2021ರಲ್ಲಿ ಕಸ ಹಿಡಿಯುವ ಪ್ರಯೋಗಕ್ಕೆ ಹಾರಿದ ಎಲ್ಸಾ-ಡಿ ಉಪಗ್ರಹ ಅಯಸ್ಕಾಂತದಿಂದ ಹಿಡಿದದ್ದು ತನ್ನ ಜೊತೆಗೇ ಹಾರಿದ 17 ಕಿಲೋ ಉಪಗ್ರಹವನ್ನು. ಅದಕ್ಕೆ ಅಯಸ್ಕಾಂತಕ್ಕೆ ಅಂಟುವ ತಟ್ಟೆಯನ್ನು ಮೊದಲೇ ಕೂಡಿಸಿದ್ದರು. ಇಸ್ರೋದ ಉಪಗ್ರಹ ಜೋಡಣೆಯ ಪ್ರಯೋಗ ಸ್ಪೇಡೆಕ್ಸ್ ಅನ್ನು ಸಾಕ್ಷಿ ಮಾಡಬೇಡಿ. 2025ರ ಜನವರಿ 16ರಂದು ಜೋಡಿಯಾದ ಆ ಎರಡೂ ಉಪಗ್ರಹಗಳು ಜೋಡಣೆಗೆಂದೇ ಕಟ್ಟಿದವು, ಒಂದಕ್ಕೊಂದು ಮಾತಾಡುತ್ತಿದ್ದವು. ಸತ್ತ ರಾಕೆಟ್ ಮಾತಾಡುವುದಿಲ್ಲ, ಮೇಲಾಗಿ ಉರುಳಾಡುತ್ತಿರುತ್ತದೆ. 2018ರಲ್ಲಿ ಕಸ ಹಿಡಿಯುವ ಪ್ರಯೋಗದ ಉಪಗ್ರಹ ರಿಮೂವ್‌ಡೆಬ್ರಿ ಬಲೆ ಬೀಸಿ ಹಿಡಿದ ಗುರಿಯೂ ಅದೇ ಹೊತ್ತೊಯ್ದು ಬಿಟ್ಟದ್ದು.

‘ಒಂದೇ ಉಪಗ್ರಹ ಹತ್ತು ಕಸ ಹೆಕ್ಕುತ್ತದೆ’ ಎಂಬ ಸಾಲು ತೆಗೆಯಿರಿ. ಒಂದೊಂದು ಕಸದ ಕಕ್ಷೆಯ ಓರೆ ಒಂದೊಂದು ಥರ. ಆ ಓರೆ 10 ಡಿಗ್ರಿ ಬದಲಿಸಲು ಸೆಕೆಂಡಿಗೆ ಸುಮಾರು 1.3 ಕಿ.ಮೀ. ವೇಗದ ಬದಲಾವಣೆ ಬೇಕು; ಮೇಲಿನ ಇಳಿಸುವ ಲೆಕ್ಕದ ಆರೂವರೆ ಪಟ್ಟಿಗೂ ಹೆಚ್ಚು. ಗೋಳಗುಮ್ಮಟದ ಪ್ರತಿಧ್ವನಿಯ ಪೀಠಿಕೆಯೂ ಬೇಡ, ಕಸಕ್ಕೂ ಅದಕ್ಕೂ ಸಂಬಂಧ ಕೂಡುತ್ತಿಲ್ಲ.

ನಮಗೆ ಹಿಡಿಸಿದ್ದು ಕಬ್ಬಿನ ಟ್ರ್ಯಾಕ್ಟರ್‌ನ ಮೂರು ಸಾಲು. ಚಾಲಕ ಬಗ್ಗಿ ಹುಕ್ಕಿನ ಪಿನ್ನು ಅಲುಗಾಡಿಸಿ ನೋಡುತ್ತಾನಲ್ಲ, ಅಲ್ಲಿಂದಲೇ ಲೇಖನ ಶುರುವಾಗಲಿ. ಎರಡು ಟ್ರೇಲರ್ ಹೇರಿ ಹೊರಟವನಿಗೆ ಗೊತ್ತು, ಎಳೆತ ಓರೆಯಾದರೆ ಹಿಂದಿನ ಟ್ರೇಲರ್ ಬಾಲ ಬೀಸುತ್ತದೆ. ಬಾಹ್ಯಾಕಾಶದಲ್ಲಂತೂ ಗಾಳಿಯೂ ಇಲ್ಲ, ನೆಲದ ಹಿಡಿತವೂ ಇಲ್ಲ. ಕಸವನ್ನು ಹಿಡಿದ ಮೇಲೆ ಎಂಜಿನ್ನು ತಳ್ಳುವ ಗೆರೆ ಉಪಗ್ರಹ-ಕಸದ ಜೋಡಿಯ ಗುರುತ್ವ ಕೇಂದ್ರದ ಮೂಲಕ ಹಾಯಬೇಕು. ಒಂದು ಗೇಣು ತಪ್ಪಿದರೂ ಜೋಡಿ ಗಿರಗಿರನೆ ತಿರುಗತೊಡಗುತ್ತದೆ, ತಡೆಯಲು ಇಂಧನ ಸುಡಬೇಕಾಗುತ್ತದೆ. ಹಾಗಾಗಿ ಮೊದಲು ಕಸದ ಸುತ್ತ ಹಾರಿ ಅದರ ತಿರುಗು ಅಳೆಯಬೇಕು. ಈ ಹಂತವೇ ನಿಮ್ಮ ಲೇಖನದಲ್ಲಿಲ್ಲ.

ಉಪಗ್ರಹವನ್ನು ಕೆಲವು ನೂರು ಕಿಲೋಗೆ ಏರಿಸಿ, ಗುರಿ ಒಂದೇ ಇರಲಿ. ತಿದ್ದಿದ ಪ್ರತಿಯ ಜೊತೆ ಆ ಪಿನ್ನು, ಹುಕ್ಕಿನ ಚಿತ್ರವನ್ನೂ ಕೈಯಲ್ಲೇ ಬಿಡಿಸಿ ಕಳಿಸಿ.